ಆನೆರೈಲಿನ ಮುಂದೆ ನಲವತ್ತೆಂಟು ಜೊತೆ ಬೂಟು

೨೦೧೨ನೆಯ ಇಸವಿ ಅಕ್ಟೋಬರ್ ೨೪, ಬುಧವಾರ, ವಿಜಯದಶಮಿ. ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಜಿಗಣಿಯಾಚೆಯ ಗಜವಿಹಾರ ಎಂಬ ಮನರಂಜನಾ ಪಾರ್ಕಿನ ಹಿಂದಿನ ಗೇಟಿನಲ್ಲಿ ನೂರಾ ಮೂವತ್ತೇಳು ಕೂಲಿಯಾಳುಗಳು ಸಾಲಾಗಿ ನಿಂತಿದ್ದರು. ಅವರನ್ನು ಕೆಲಸದ ಜಾಗಕ್ಕೆ ಒಯ್ಯುವ ಪಾರ್ಕಿನ ಆಟದ ರೈಲಿನಲ್ಲಿ ಅವರ ಪಾಲಿಗಿದ್ದ ಆಸನಗಳು ಹನ್ನೆರಡು.

ನೂರಾ ಮೂವತ್ತೇಳನ್ನು ಹನ್ನೆರಡರಿಂದ ಭಾಗಿಸಿದರೆ ರೈಲು ಹನ್ನೊಂದು ಸಲ ತುಂಬಿ, ಐದು ಮಂದಿ ಉಳಿಯುತ್ತಾರೆ. ಆ ಐವರಿಗಾಗಿ ಹನ್ನೆರಡನೆಯ ಸುತ್ತು. ರೈಲು ಒಮ್ಮೆ ಹೋಗಿ ಬರಲು ಹದಿನೆಂಟು ನಿಮಿಷ. ಮೊದಲ ಸುತ್ತು ಏಳು ಗಂಟೆಗೆ ಹೊರಟರೆ ಕೊನೆಯವನು ಪಾರ್ಕಿನ ಮುಂಭಾಗದ ನಿಲ್ದಾಣ ಮುಟ್ಟುವಾಗ ಹತ್ತು ಇಪ್ಪತ್ತೇಳು. ಕೆಲಸ ಶುರುವಾಗುವುದು ಎಂಟಕ್ಕೆ.

ಹಿಂದಿನ ಗೇಟಿನಿಂದ ಮುಂದಿನ ನಿಲ್ದಾಣಕ್ಕೆ ನಡೆದರೆ ಏಳು ನಿಮಿಷ. ನಡೆಯಬಾರದೆಂದು ಆಜ್ಞೆಯಿತ್ತು.

ಆಜ್ಞೆ ಬಂದದ್ದು ಹೀಗೆ. ಗಜವಿಹಾರದ ದೊಡ್ಡ ತಿರುಗು ತೊಟ್ಟಿಲಲ್ಲಿ ಕುಳಿತ ಅತಿಥಿಯೊಬ್ಬರು ಮೇಲಿನಿಂದ ಕೆಳಗೆ ನೋಡಿದರು. ಪೊರಕೆ ಹಿಡಿದ ಜನ ಅಡುಗೆಮನೆಯ ಹಿಂದಿನ ಓಣಿಯಲ್ಲಿ ಇರುವೆ ಸಾಲಿನಂತೆ ಹೋಗುತ್ತಿರುವುದು ಅವರಿಗೆ ಕಂಡಿತು. ಕನಸಿನ ಲೋಕವೆಂದು ಟಿಕೆಟ್ಟಿನ ಮೇಲೆ ಬರೆದು ಕಸಗುಡಿಸುವವರನ್ನು ತೋರಿಸಿದಿರಿ ಎಂದು ಪತ್ರ ಬರೆದರು. ವಾರದೊಳಗೆ ಓಣಿಗೆ ಸರಪಳಿ ಬಿತ್ತು. ಆಳುಗಳೆಲ್ಲ ರೈಲಿನಲ್ಲಿಯೇ ಬರತಕ್ಕದ್ದು, ಅದರ ಕೊನೆಯ ಬೋಗಿಗೆ ಹಸಿರು ಪರದೆ ಕಟ್ಟತಕ್ಕದ್ದು ಎಂದಾಯಿತು. ಮಕ್ಕಳ ಅಳತೆಗೆ ಮಾಡಿದ ಆ ಬೋಗಿಯಲ್ಲಿ ಬೆಳೆದವರು ಮೊಣಕಾಲು ಗದ್ದಕ್ಕೆ ತಾಗಿಸಿ ಕೂರಬೇಕಿತ್ತು. ಕೆರೆ, ಕೋಟೆ, ಸಿಮೆಂಟಿನ ಬೆಟ್ಟ ಎಲ್ಲವನ್ನೂ ಸುತ್ತಿಕೊಂಡು ರೈಲು ಹೋಗಿಬರಲು ಎರಡೂ ಮುಕ್ಕಾಲು ಕಿಲೋಮೀಟರು ತೆವಳುತ್ತಿತ್ತು. ಪರದೆಯೊಳಗಿನವರಿಗೆ ಯಾವುದೂ ಕಾಣುತ್ತಿರಲಿಲ್ಲ.

ಮಾಮೂಲು ದಿನಗಳಲ್ಲಿ ಎಂಟರವರೆಗೆ ನಾಲ್ಕು ಬೋಗಿಗಳೂ ಆಳುಗಳವೇ. ಮೂರು ಸುತ್ತಿಗೆ ಎಲ್ಲರೂ ಮುಟ್ಟುತ್ತಿದ್ದರು. ಹಬ್ಬದ ಕಾಲದಲ್ಲಿ ಮೂರು ಬೋಗಿಗಳು ಅತಿಥಿಗಳ ಸೂರ್ಯೋದಯ ಸವಾರಿಗೆ ಹೋದವು. ಬೋಗಿ ಕಡಿಮೆಯಾಯಿತು, ಎಂಟು ಗಂಟೆ ಎಂಟಾಗಿಯೇ ಉಳಿಯಿತು. ತಡವಾದ ಪ್ರತಿಯೊಂದು ನಿಮಿಷವನ್ನೂ ಗುತ್ತಿಗೆದಾರನ ಮೇಸ್ತ್ರಿ ಸೊಣ್ಣಪ್ಪ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದನು. ನಾನೂರ ಎಂಬತ್ತು ನಿಮಿಷ ತುಂಬಿದರೆ ಒಂದು ದಿನ. ಆ ದಿನವನ್ನು ಹಬ್ಬದ ನಂತರ ಬರುವ ರಜೆಯ ಭಾನುವಾರ ಸಂಬಳವಿಲ್ಲದೆ ದುಡಿದು ತೀರಿಸಬೇಕು.

ಹೊಳೆವ್ವನ ಹೆಸರಿನ ಮುಂದೆ ಒಂಬತ್ತು ದಿನಕ್ಕೆ ನಾನೂರ ಐವತ್ತೊಂಬತ್ತು ನಿಮಿಷಗಳಿದ್ದವು.

ಹೊಳೆವ್ವ ಕುಷ್ಟಗಿ ಕಡೆಯವಳು, ಅತಿಥಿಗಳ ಪಾಯಿಖಾನೆ ತೊಳೆಯುವವಳು. ಬ್ಲೀಚಿಂಗ್ ಪುಡಿ ಅವಳ ಅಂಗೈಯ ಗೆರೆಗಳನ್ನು ಅಳಿಸಿತ್ತು. ಮಗಳು ಶೈಲಾ ಆನೇಕಲ್ಲಿನ ಹಾಸ್ಟೆಲಿನಲ್ಲಿದ್ದು ಹತ್ತನೆಯ ತರಗತಿ ಓದುತ್ತಿದ್ದಳು. ಪರೀಕ್ಷೆಯ ವರ್ಷವಾದ್ದರಿಂದ ದಸರೆಗೂ ಮನೆಗೆ ಬಿಟ್ಟಿರಲಿಲ್ಲ. ತಂದೆತಾಯಿ ನೋಡಲು ಬರಬಹುದಾದದ್ದು ತಿಂಗಳ ಕೊನೆಯ ಭಾನುವಾರ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗೆ. ಆಗಸ್ಟಿನಲ್ಲಿ ರಜೆ ಸಿಗಲಿಲ್ಲ. ಸೆಪ್ಟೆಂಬರಿನ ಭಾನುವಾರವನ್ನು ಗಣೇಶನ ಹಬ್ಬದ ನಿಮಿಷಗಳು ನುಂಗಿದವು. ಈಗ ಉಳಿದಿದ್ದುದು ಅಕ್ಟೋಬರ್ ಇಪ್ಪತ್ತೆಂಟು. ಆ ದಿನ ಮಗಳ ಮುಖ ನೋಡಬೇಕಾದರೆ ಹೊಳೆವ್ವ ಈ ವಿಜಯದಶಮಿಯಂದು ಎಂಟು ಇಪ್ಪತ್ತರೊಳಗೆ ಹಾಜರಿ ಯಂತ್ರಕ್ಕೆ ಹೆಬ್ಬೆರಳು ಒತ್ತಬೇಕು. ಎಂಟು ಇಪ್ಪತ್ತೊಂದಾದರೆ ಪುಸ್ತಕ ತುಂಬುತ್ತದೆ.

ಅದಕ್ಕಾಗಿಯೇ ಅವಳು ಆಳುಗಳನ್ನು ತರುವ ಮೊದಲ ಟೆಂಪೊದ ಬಾಗಿಲ ಬಳಿ ಜಾಗ ಹಿಡಿದು ಬಂದು ಸಾಲಿನ ತಲೆಗೆ ನಿಂತಿದ್ದಳು. ಏಳಕ್ಕೆ ಗೇಟು ತೆರೆದಾಗ ಆಳುಗಳ ಪಾಯಿಖಾನೆಯೂ ತೆರೆಯುತ್ತಿತ್ತು. ಅಲ್ಲಿಗೆ ಹೋದವರು ಸಾಲಿನ ತುದಿಗೆ ಹೋಗಬೇಕು. ಅವಳು ಹೋಗಲಿಲ್ಲ, ಹೊಟ್ಟೆ ಬಿಗಿಹಿಡಿದು ನಿಂತಳು. ಮುಂಭಾಗದಲ್ಲಿದ್ದುದು ಅತಿಥಿಗಳ ಪಾಯಿಖಾನೆ ಮಾತ್ರ, ಆಳುಗಳು ಅದನ್ನು ತೊಳೆಯಬಹುದಿತ್ತು, ಬಳಸುವಂತಿರಲಿಲ್ಲ.

ಹಿಂದೆ ನಿಂತಿದ್ದ ತೋಟದ ಗದಿಗೆಪ್ಪನು, "ಯಕ್ಕಾ, ಇವತ್ತ ನೀನ ರಾಣಿ. ಮೊದಲನೇ ಸೀಟು," ಎಂದನು.

"ಸುಮ್ನಿರೋ ಮಾರಾಯ. ನಗಿಸಬ್ಯಾಡ. ನಕ್ರ ಕಷ್ಟ ಐತಿ."

ರೈಲು ಬಂದು ನಿಂತಿತು. ಇಂಜಿನ್ನಿಗೆ ಆನೆಯ ಮುಖ. ಹಿಂದಿನ ದಿನ ಆಯುಧಪೂಜೆಯಾಗಿತ್ತು. ಆನೆಯ ಹಣೆಯ ಮೇಲೆ ಮೂರು ಬೆರಳು ವಿಭೂತಿ, ನಡುವೆ ಕುಂಕುಮ, ಸೊಂಡಿಲಿಗೆ ಚೆಂಡುಹೂವಿನ ಮಾಲೆ, ಎರಡೂ ಕಡೆ ಬಾಳೆಕಂದು. ಹಬ್ಬ ಮುಗಿಯುವವರೆಗೆ ತೆಗೆಯುವಂತಿಲ್ಲ. ಇಷ್ಟು ದಿನ ಅದು ಬಣ್ಣ ಬಳಿದ ತಗಡು. ಈ ದಿನ ಅದು ಬೇರೆ. ಹೊಳೆವ್ವ ಯೋಚಿಸಲಿಲ್ಲ. ಕಂಪನಿ ಕೊಟ್ಟ ಕಪ್ಪು ಬೂಟುಗಳನ್ನು ಕಳಚಿ ಗೋಡೆಯ ಬದಿಗಿಟ್ಟಳು, ಆನೆಗೆ ಕೈಮುಗಿದಳು, ಬರಿಗಾಲಲ್ಲಿ ಹತ್ತಿದಳು. ಬೂಟಿನೊಳಗೆ ಬಿಳಿ ಬಣ್ಣದಲ್ಲಿ ಅರವತ್ತೊಂದು ಎಂದು ಬರೆದಿತ್ತು.

ಗದಿಗೆಪ್ಪ ಅದನ್ನು ಕಂಡು ತನ್ನ ಬೂಟನ್ನೂ ಕಳಚಿದನು. ಅವನ ಹಿಂದಿನವಳೂ ಕಳಚಿದಳು. ಮೊದಲ ಸುತ್ತಿನ ಹನ್ನೆರಡು ಮಂದಿಗೆ ಕಾರಣ ಗೊತ್ತಿತ್ತು. ಎರಡನೆಯ ಸುತ್ತಿನವರಿಗೆ ಅರ್ಧ ಗೊತ್ತಿತ್ತು. ಮೂರನೆಯ ಸುತ್ತಿನವರು ಗೋಡೆಯ ಬದಿಗೆ ಇಪ್ಪತ್ತನಾಲ್ಕು ಜೊತೆ ಬೂಟುಗಳನ್ನು ಕಂಡು, ಕಂಪನಿಯ ಹೊಸ ನಿಯಮವಿರಬೇಕೆಂದು ತಿಳಿದು, ಬೈದುಕೊಂಡು ಕಳಚಿದರು. ನಾಲ್ಕನೆಯವರು ಬೈಯಲೂ ಇಲ್ಲ.

ಏಳು ಒಂಬತ್ತಕ್ಕೆ ಮುಂದಿನ ನಿಲ್ದಾಣದಲ್ಲಿಳಿದ ಹೊಳೆವ್ವನಿಗೆ ಸಿಮೆಂಟಿನ ನೆಲ ತಣ್ಣಗೆ ತಾಗಿದಾಗ ತಪ್ಪಿನ ಅರಿವಾಯಿತು. ದೇವಸ್ಥಾನದಲ್ಲಿ ಚಪ್ಪಲಿ ಬಿಟ್ಟವರು ಅದೇ ಬಾಗಿಲಿಗೆ ಮರಳುತ್ತಾರೆ. ರೈಲು ಹತ್ತಿದವರು ಮರಳುವುದಿಲ್ಲ. ಎರಡನೆಯ ಸುತ್ತಿಗೆ ರೈಲು ಬಂದಾಗ ಅವಳು ಚಾಲಕ ರಾಮಾಂಜಿನಪ್ಪನ ಬಳಿಗೆ ಹೋದಳು.

"ಅಣ್ಣಾ, ನಮ್ಮ ಬೂಟು ಅಲ್ಲೇ ಉಳದಾವ. ಬರೋ ಮುಂದ ಒಂದಿಷ್ಟು ಹಾಕ್ಕೊಂಡು ಬಾ."

"ಬೂಟಾ? ಈ ಗಾಡೀಲಾ?" ರಾಮಾಂಜಿನಪ್ಪ ಆನೆಯ ಹಣೆಯತ್ತ ಕೈ ಮಾಡಿದನು. "ಪೂಜೆ ಆಗೈತೆ ಕಣಮ್ಮಿ. ನಾಳೆ ಬ್ರೇಕು ಇಡೀದೆ ಓದ್ರೆ ನೀನ್ ಬತ್ತೀಯಾ?"

ಅವನ ಮಾತು ಅವಳದೇ ಮಾತಾಗಿತ್ತು.

ಸೊಣ್ಣಪ್ಪ ಎಂಟು ಗಂಟೆಗೆ ಸರಿಯಾಗಿ ಹೆಬ್ಬೆಟ್ಟಿನ ಯಂತ್ರದ ಕೋಣೆಯ ಬೀಗ ತೆಗೆದನು. ಎಂಟೂ ಮೂರಕ್ಕೆ ನಾಲ್ಕನೆಯ ಸುತ್ತು ಬಂತು. ಅವನೆದುರು ನಲವತ್ತೆಂಟು ಮಂದಿ ನಿಂತಿದ್ದರು, ತೊಂಬತ್ತಾರು ಬರಿಗಾಲುಗಳು.

"ಬೂಟೆಲ್ಲಿ?" ಎಂದು ಅವನು ಹೊಳೆವ್ವನನ್ನು ಕೇಳಿದನು.

"ಅಲ್ಲಿ ಅದಾವ್ರಿ. ಆನಿಗೆ ಪೂಜಿ ಆಗಿತ್ತಲ್ರಿ, ಅದಕ್ಕ."

"ಬೂಟಿಲ್ಲ ಅಂದ್ರೆ ಡ್ರೆಸ್ಸಿಲ್ಲ. ಡ್ರೆಸ್ಸಿಲ್ಲ ಅಂದ್ರೆ ಎಬ್ಬೆಟ್ಟಿಲ್ಲ. ನೀನು ಇನ್ನೂ ಬಂದಿಲ್ಲ ಅಂತ ಲೆಕ್ಕ."

"ಬಂದೀನಲ್ರಿ. ನಿಮ್ಮ ಮುಂದ ನಿಂತೀನಿ."

"ನಿಂತಿದ್ದೀಯ. ಬಂದಿಲ್ಲ."

"ಏಳು ಗಂಟಿ ಒಂಬತ್ತು ನಿಮಿಷಕ್ಕ ಬಂದೀನ್ರಿ."

"ಅದ್ ನಿನ್ ಖುಷಿ. ಓಗು, ರೈಲಲ್ಲಿ ಓಗಿ ಬೂಟಾಕ್ಕೊಂಡು ರೈಲಲ್ಲಿ ಬಾ."

ಹೊಳೆವ್ವ ನಿಲ್ದಾಣದತ್ತ ತಿರುಗಿ ನೋಡಿದಳು. ಅಲ್ಲಿ ಕಬ್ಬಿಣದ ಕಂಬಿಗಳ ನಡುವೆ ಅತಿಥಿಗಳ ಸಾಲು ಹಾವಿನಂತೆ ಮಡಚಿ ಮಡಚಿ ನಿಂತಿತ್ತು. ಹಿಂದಿನ ಗೇಟಿನ ಪಕ್ಕದ ಅಲೆಯ ಕೊಳಕ್ಕೆ ಹೋಗಬೇಕಾದವರು, ಮುನ್ನೂರ ಹನ್ನೆರಡು ಮಂದಿ. ಅತಿಥಿಗಳಿಗಿದ್ದ ಆಸನಗಳು ಮೂವತ್ತಾರು. ಹಾಗಾದರೆ ಒಂಬತ್ತು ಸುತ್ತು. ಕೊನೆಯ ಅತಿಥಿಯ ಸರದಿ ಬರುವ ಹೊತ್ತಿಗೆ ಹತ್ತೂವರೆ ದಾಟುತ್ತಿತ್ತು. ಕಂಬಕ್ಕೆ ನೇತುಹಾಕಿದ ಹಲಗೆಯ ಮೇಲೆ "ಇಲ್ಲಿಂದ ಹದಿನೈದು ನಿಮಿಷ" ಎಂದು ಬರೆದಿತ್ತು. ಆ ಹಲಗೆಯನ್ನು ಒರೆಸುವುದು ಹೊಳೆವ್ವನ ಕೆಲಸಗಳಲ್ಲಿ ಒಂದಾಗಿತ್ತು. ಅದರ ಅಂಕಿ ಬದಲಾದದ್ದನ್ನು ಅವಳು ಎಂದೂ ಕಂಡಿರಲಿಲ್ಲ.

ಗಡಿಯಾರದಲ್ಲಿ ಎಂಟೂ ನಾಲ್ಕು. ಹೋಗಲು ಏಳು, ಬರಲು ಏಳು. ಎಂಟು ಹದಿನೆಂಟಕ್ಕೆ ಮರಳಬಹುದು.

ಹೊಳೆವ್ವ ಅಡುಗೆಮನೆಯ ಪಕ್ಕದ ಸರಪಳಿಯನ್ನು ಎತ್ತಿ ಓಣಿಗಿಳಿದಳು.

"ಏಯ್, ಅಲ್ಲಿ ನಡೀಬಾರ್ದು," ಎಂದನು ಸೊಣ್ಣಪ್ಪ.

"ನಾ ಇನ್ನೂ ಬಂದಿಲ್ಲಲ್ರಿ. ಬರದಾಕಿ ಹೆಂಗ ನಡದಾಳು?" ಎಂದು ಅವಳು ಹೆಜ್ಜೆ ಹಾಕಿದಳು. ಗದಿಗೆಪ್ಪ ಹಿಂಬಾಲಿಸಿದನು. ಉಳಿದ ನಲವತ್ತಾರು ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಸರಪಳಿಯಡಿ ನುಸುಳಿದರು.

ಅತಿಥಿಗಳ ಸಾಲಿನಲ್ಲಿ ಮಗುವನ್ನು ಹೆಗಲ ಮೇಲೆ ಹೊತ್ತಿದ್ದ ಬೆಳ್ಳಂದೂರಿನವನೊಬ್ಬನು ಕೂಗಿ ಕೇಳಿದನು: "ಅಕ್ಕ, ಎಲ್ಲಿಗ್ ಹೋಗ್ತಿದೀರಾ ಎಲ್ಲಾ?"

"ಹಿಂದಿನ ಗೇಟಿಗ್ರಿ."

"ಅಲೆ ಪೂಲ್ ಅಲ್ಲೇ ಅಲ್ವಾ? ಎಷ್ಟೊತ್ತಾಗತ್ತೆ?"

"ಏಳು ನಿಮಿಷ."

ಅವನು ಹಲಗೆಯನ್ನು ನೋಡಿದನು. ತನ್ನ ಕೈಗಡಿಯಾರವನ್ನು ನೋಡಿದನು. ಅವನು ಆ ಹಲಗೆಯ ಪಕ್ಕದಲ್ಲಿ ನಿಂತು ಆಗಲೇ ಐವತ್ತು ನಿಮಿಷಗಳಾಗಿದ್ದವು. "ಏಳು ನಿಮಿಷ ಅಂತೆ ಕಣೇ," ಎಂದು ಹೆಂಡತಿಗೆ ಹೇಳಿ ಕಂಬಿ ದಾಟಿದನು. ಕಂಬಿಗಳ ನಡುವೆ ಮಾತು ಹಬ್ಬಿತು. ಮುನ್ನೂರ ಹನ್ನೆರಡು ಮಂದಿಯೂ ಓಣಿಗಿಳಿದರು.

ಓಣಿ ಎಂಟು ಅಡಿ ಅಗಲ. ಮುಂದೆ ಬರಿಗಾಲಿನ ನಲವತ್ತೆಂಟು ಮಂದಿ, ಹಿಂದೆ ಟೋಪಿ, ಬಣ್ಣದ ಕನ್ನಡಕ, ಗಾಳಿ ತುಂಬಿದ ಬಾತುಕೋಳಿ. ಅನ್ನ ಬಸಿದ ಗಂಜಿ ಹರಿಯುವ ಮೋರಿ ಬಂತು. ಹಿಂದಿನ ದಿನದ ಎಂಜಲೆಲೆಯ ರಾಶಿ ಬಂತು. ಆಳುಗಳು ನೆಲದ ಮೇಲೆ ಕುಳಿತು ಉಣ್ಣುವ ತಗಡಿನ ಮಾಡು ಬಂತು. ಅದರ ಒಂದು ಕಡೆ ಕಕ್ಕಸಿನ ಗುಂಡಿಯ ಮುಚ್ಚಳ. ಸಿಮೆಂಟಿನ ಬೆಟ್ಟ ಬಂತು. ಅದಕ್ಕೆ ಮುಂಭಾಗ ಮಾತ್ರವಿತ್ತು; ಹಿಂದೆ ಬಿದಿರ ಗಳುಗಳು, ಹರಕು ಗೋಣಿ, ಒಣಹಾಕಿದ ಪೊರಕೆಗಳು.

"ಅಪ್ಪಾ, ಬೆಟ್ಟದ ಒಳಗೆ ಏನೂ ಇಲ್ಲ," ಎಂದಿತು ಹೆಗಲ ಮೇಲಿನ ಮಗು.

ಮೊಮ್ಮಕ್ಕಳೊಡನೆ ಬಂದಿದ್ದ ದಾವಣಗೆರೆಯ ಮುದುಕಿಯೊಬ್ಬರು ಬೇರೆಯೇ ಯೋಚನೆಯಲ್ಲಿದ್ದರು. ವಿಜಯದಶಮಿಯ ದಿನ, ಸಾಲಾಗಿ ಬರಿಗಾಲಲ್ಲಿ ಜನ. ಅವರು ಹೊಳೆವ್ವನ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದರು: "ಏನು ಹರಕೇನವ್ವ ಇದು?"

"ಹರಕಿ ಅಲ್ರಿ ಅಮ್ಮಾರ. ಬೂಟು ತರಾಕ ಹೊಂಟೀವಿ."

ಮುದುಕಿಗೆ ಕಿವಿ ಮಂದ. ಅವರು ತಲೆಯಾಡಿಸಿ, ತಮ್ಮ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದರು. ಅವರನ್ನು ನೋಡಿ ಸೊಸೆಯೂ ಕಳಚಿದಳು. ಬೆಟ್ಟದ ಹಿಂಭಾಗ ದಾಟುವಷ್ಟರಲ್ಲಿ ಅತಿಥಿಗಳಲ್ಲಿ ಹದಿನೇಳು ಮಂದಿ ಬರಿಗಾಲಲ್ಲಿದ್ದರು.

ಎಂಟೂ ಹನ್ನೊಂದಕ್ಕೆ ಮೆರವಣಿಗೆ ಹಿಂದಿನ ನಿಲ್ದಾಣ ಮುಟ್ಟಿತು. ಬೆಳ್ಳಂದೂರಿನವನು ಗಡಿಯಾರ ನೋಡಿ, "ಕರೆಕ್ಟ್ ಏಳು," ಎಂದನು. ಆಮೇಲೆ ಅವನ ಮುಖ ಕೆಂಪಾಯಿತು. ಅವನು ರೈಲಿನ ಟಿಕೆಟ್ಟನ್ನು ಬೇರೆಯಾಗಿ ಕೊಂಡಿದ್ದನು.

ಹೊಳೆವ್ವ ಬೂಟುಗಳ ಸಾಲಿನಲ್ಲಿ ಅರವತ್ತೊಂದನ್ನು ಹುಡುಕಿ ಕಾಲಿಗೆ ಹಾಕಿಕೊಂಡಳು. ಎಂಟು ಹನ್ನೆರಡಾಯಿತು. ಹೊರಡಬೇಕೆಂದು ತಿರುಗಿದಾಗ, ಗುಂಪಿನ ಹಿಂದೆ ಸಿಕ್ಕಿಕೊಂಡು ನಡಿಗೆಯ ವೇಗದಲ್ಲಿಯೇ ಬಂದಿದ್ದ ಬ್ಯಾಟರಿ ಗಾಡಿಯಿಂದ ವ್ಯವಸ್ಥಾಪಕ ಶಿವರಾಜ್ ಇಳಿದನು. ಅವನ ಬೂಟಿಗೆ ಎಂಜಲೆಲೆ ಅಂಟಿಕೊಂಡಿತ್ತು. ಅತಿಥಿಗಳು ಅವನನ್ನು ಮುತ್ತಿದರು. ಹಲಗೆಯ ಮೇಲಿನ ಹದಿನೈದು ನಿಮಿಷ ಯಾವ ಊರಿನದು ಎಂದು ಒಬ್ಬನು ಕೇಳಿದನು. ಶಿವರಾಜ್ ಅವರಿಂದ ಬಿಡಿಸಿಕೊಂಡು ಹೊಳೆವ್ವನನ್ನು ಗೋಡೆಯ ಬದಿಗೆ ಕರೆದನು. ಅವನ ಕಣ್ಸನ್ನೆಗೆ ಕಾವಲುಗಾರ ಓಣಿಯ ಈ ತುದಿಗೂ ಸರಪಳಿ ಬಿಗಿದನು.

"ನೋಡಮ್ಮ, ಹೊಳೆವ್ವ ಅಲ್ವಾ ನೀನು? ಎಷ್ಟು ಲೇಟ್ ಮಿನಿಟ್ಸ್ ಇದೆ ನಿಂದು?"

"ನಾನೂರ ಐವತ್ತೊಂಬತ್ತ್ರಿ."

"ಅಷ್ಟನ್ನೂ ತೆಗೆಸಿಬಿಡ್ತೀನಿ. ಸೊನ್ನೆ. ಒಂದು ಮಾತು ಹೇಳ್ಬೇಕು ಅಷ್ಟೆ, ಗೆಸ್ಟ್‌ಗಳ ಮುಂದೆ. ಇದು ದಾರಿ ಅಲ್ಲ, ನಾನೇ ದಾರಿ ತಪ್ಪಿ ಬಂದೆ, ಕ್ಷಮಿಸಿ ಅಂತ. ಆಮೇಲೆ ಎಲ್ಲಾರ್ನೂ ರೈಲಿನ ಸಾಲಿಗೆ ನಿಲ್ಲಿಸ್ತೀವಿ."

ಹೊಳೆವ್ವನಿಗೆ ಸೊನ್ನೆಯೆಂದರೆ ಭಾನುವಾರ. ಭಾನುವಾರವೆಂದರೆ ಹಾಸ್ಟೆಲಿನ ಬೇವಿನ ಮರದ ಕೆಳಗೆ ಮೂರು ಗಂಟೆ. ಒಂದೇ ಮಾತು, ಅದು ಸುಳ್ಳು ಮಾತು. ಸುಳ್ಳು ಅವಳಿಗೆ ಹೊಸದಲ್ಲ. ಬಾಡಿಗೆ ಕೋಣೆಯ ಮಾಲೀಕನಿಗೆ ತಿಂಗಳಿಗೆರಡು ಹೇಳುತ್ತಿದ್ದಳು. ಆದರೆ ಈ ಮಾತು ಬಾಯಿಯವರೆಗೆ ಬಂದು ನಿಂತಿತು. ಬೆಳಗಿನಿಂದ ಅವಳು ಮೂತ್ರ ಬಿಗಿಹಿಡಿದಿದ್ದಳು. ಹತ್ತು ದಿನದಿಂದ ಬಾಯಿಯನ್ನೂ ಬಿಗಿಹಿಡಿದಿದ್ದಳು.

"ಅದ ದಾರಿ ಐತ್ರಿ, ಸಾಹೇಬ್ರ," ಎಂದಳು.

"ಗೊತ್ತಮ್ಮ. ಹೇಳು ಅಂದಿದ್ದಷ್ಟೇ."

"ಅಷ್ಟೂ ಮಂದಿ ಅದರಾಗ ನಡದು ಬಂದಾರ್ರಿ. ಅವರ ಕಾಲು ಸುಳ್ಳ ಹೇಳ್ತಾವೇನ್ರಿ? ನಾ ಹೇಳಂಗಿಲ್ಲ."

"ಭಾನುವಾರ ಹೋಗತ್ತೆ, ಯೋಚ್ನೆ ಮಾಡು."

"ಹೇಳಂಗಿಲ್ಲ ಅಂದ್ನಲ್ರಿ."

ಶಿವರಾಜ್ ಕೈಚೆಲ್ಲಿದನು. "ಹಾಗಾದ್ರೆ ರೈಲಲ್ಲೇ ಹೋಗು. ರೂಲ್ ಅಂದ್ರೆ ರೂಲು."

ರೈಲು ನಿಲ್ದಾಣದಲ್ಲಿಯೇ ನಿಂತಿತ್ತು. ಹಳಿಯ ತುಂಬ ಅತಿಥಿಗಳಿದ್ದುದರಿಂದ ಅದು ಹೊರಡುವಂತಿರಲಿಲ್ಲ. ಐದನೆಯ ಸುತ್ತಿನ ಹನ್ನೆರಡು ಮಂದಿ ಬರಿಗಾಲಲ್ಲಿ ಪರದೆಯೊಳಗೆ ಕುಳಿತಿದ್ದರು. ಅವರಿಗೆ ಏನೂ ಕಂಡಿರಲಿಲ್ಲ. ಹೊಳೆವ್ವ ಮೊದಲು ಆಳುಗಳ ಪಾಯಿಖಾನೆಗೆ ಹೋದಳು. ಹೊರಬಂದು ಕೈ ತೊಳೆದುಕೊಂಡಳು. ಅದಕ್ಕೆ ಒಂದು ನಿಮಿಷ ಹಿಡಿಯಿತು. ಆ ಒಂದು ನಿಮಿಷ ಇಲ್ಲದಿದ್ದರೆ ಅವಳು ಎಂಟು ಇಪ್ಪತ್ತಕ್ಕೆ ಮುಟ್ಟುತ್ತಿದ್ದಳು. ಅದು ಅವಳಿಗೆ ಗೊತ್ತಿತ್ತು. ಆಮೇಲೆ ಸರಪಳಿಯನ್ನು ಎತ್ತಿ ಓಣಿಯಲ್ಲಿ ನಡೆದಳು. ಓಡಲಿಲ್ಲ. ಅವಳ ಹಿಂದೆ ನಲವತ್ತೇಳು ಮಂದಿ, ಅವರ ಹಿಂದೆ ರೈಲಿಗಾಗಿ ಇನ್ನೂ ಕಾಯುತ್ತಿದ್ದ ಎಪ್ಪತ್ತೇಳು ಮಂದಿ. ಕೊನೆಗೆ ಪರದೆಯೊಳಗಿನ ಹನ್ನೆರಡು ಮಂದಿಯೂ ಇಳಿದು, ಗೋಡೆಯ ಬದಿಯಿಂದ ತಮ್ಮ ಬೂಟುಗಳನ್ನು ಎತ್ತಿಕೊಂಡು ಬಂದರು. ಒಟ್ಟು ನೂರಾ ಮೂವತ್ತೇಳು. ಮೇಲೆ ತಿರುಗು ತೊಟ್ಟಿಲಿನಿಂದ ಯಾರೋ ಕೈ ಬೀಸಿದರು. ಗದಿಗೆಪ್ಪ ತಿರುಗಿ ಕೈ ಬೀಸಿದನು.

"ಯಕ್ಕಾ, ಇರುವಿಗೂ ಟಾಟಾ ಮಾಡ್ತಾರ ನೋಡು."

ಯಂತ್ರ ಎಂಟು ಇಪ್ಪತ್ತೊಂದು ಎಂದು ತೋರಿಸಿತು. ಸೊಣ್ಣಪ್ಪ ಬರೆದುಕೊಂಡನು: ಹೊಳೆವ್ವ, ನಾನೂರ ಎಂಬತ್ತು.

ಶುಕ್ರವಾರ ಓಣಿಯ ಬಾಯಿಗೆ ಹೊಸ ಫಲಕ ಬಂತು. ಅದರ ಮೇಲೆ "ತೆರೆಮರೆಯ ನಡಿಗೆ" ಎಂದಿತ್ತು. ತಲಾ ನಲವತ್ತು ರೂಪಾಯಿ, ಬರಿಗಾಲಿನಲ್ಲಿ ನಡೆಯುವವರಿಗೆ ಚಪ್ಪಲಿ ಇಡುವ ವ್ಯವಸ್ಥೆ ಉಚಿತ. ಎಂಜಲೆಲೆಯ ರಾಶಿಗೆ ಬೇಲಿ ಹಾಕಿ ದೀಪ ಕಟ್ಟಿದರು. ಮುದ್ರಿಸಿದ ಸೂಚನೆಯ ಕೊನೆಯ ಸಾಲಿನಲ್ಲಿ ಕೆಲಸಗಾರರಿಗೆ ಪ್ರವೇಶವಿಲ್ಲ ಎಂದಿತ್ತು. ನೂರಾ ಮೂವತ್ತೇಳು ಮಂದಿ ಅದರ ಪಕ್ಕದಲ್ಲಿಯೇ ನಡೆದುಹೋದರು. ಟಿಕೆಟ್ಟು ಕೊಂಡವರ ಕಣ್ಣೆದುರು ಅವರನ್ನು ಎಳೆದು ನಿಲ್ಲಿಸಲು ಕಾವಲುಗಾರನಿಗೆ ಆಜ್ಞೆಯಿರಲಿಲ್ಲ. ಹಸಿರು ಪರದೆಯ ಬೋಗಿ ಖಾಲಿಯಾಗಿ ಸುತ್ತುತ್ತಿತ್ತು.

ಆದರೆ ಪುಸ್ತಕ ಪುಸ್ತಕವೇ. ಶನಿವಾರ ಸಂಜೆ ಸೊಣ್ಣಪ್ಪ ಹೊಳೆವ್ವನನ್ನು ತಡೆದನು.

"ನಾಳೆ ಎಂಟಕ್ಕೆ ಬಾ. ಒಂದ್ ದಿನ ಬಾಕಿ ಐತೆ."

"ನಾಳಿ ಮಗಳ ನೋಡಾಕ ಹೋಗಾಕಿ ಅದೀನ್ರಿ."

"ಬರ್ದೆ ಇದ್ರೆ ಸೋಮವಾರಾನೂ ಬರ್ಬೇಡ."

"ಸೋಮವಾರದ್ದು ಸೋಮವಾರ ನೋಡೂಣ್ರಿ," ಎಂದು ಅವಳು ಬೂಟುಗಳನ್ನು ಬಿಚ್ಚಿ ಅವನ ಮೇಜಿನ ಕೆಳಗೆ ಜೋಡಿಸಿಟ್ಟು ಹೋದಳು.

ಭಾನುವಾರ ಹತ್ತು ಗಂಟೆಗೆ ಹಾಸ್ಟೆಲಿನ ಗೇಟು ತೆರೆಯಿತು. ಬೇವಿನ ಮರದ ಕೆಳಗೆ ಶೈಲಾ ತಾಯಿಯ ಅಂಗೈ ಬಿಡಿಸಿ ನೋಡಿದಳು, ಮಡಿಚಿದಳು. ರೊಟ್ಟಿ, ಶೇಂಗಾ ಚಟ್ನಿ ತಿಂದರು. ಹೊಳೆವ್ವ ನಡೆದದ್ದನ್ನೆಲ್ಲ ಹೇಳಿದಳು. ಬೂಟಿನ ಕಥೆಗೆ ಮಗಳು ನಕ್ಕಳು. ಬಾಕಿಯ ಕಥೆಗೆ ನಗಲಿಲ್ಲ. ಒಂದು ಕಡ್ಡಿ ಹಿಡಿದು ಮಣ್ಣಿನ ಮೇಲೆ ಬರೆಯತೊಡಗಿದಳು.

"ಅವ್ವಾ, ಟೆಂಪೊ ನಿಮ್ಮನ್ನ ಎಷ್ಟಕ್ಕ ಇಳಸ್ತೈತಿ?"

"ಆರು ನಲವತ್ತಕ್ಕ."

"ಕೆಲಸ ಎಂಟಕ್ಕ. ಹಂಗಾದ್ರ ದಿನಾ ಎಂಬತ್ತು ನಿಮಿಷ ಅವರ ಗೇಟಿನ್ಯಾಗ ನಿಂತಿ. ಅದನ್ನ ಯಾರು ಬರಕೊಂಡಾರ?"

"ಯಾರೂ ಬರಕೊಂಡಿಲ್ಲ."

"ಹತ್ತು ದಿನಕ್ಕ ಎಂಟನೂರು. ನೀ ಕೊಡಬೇಕಾದ್ದು ನಾನೂರ ಎಂಬತ್ತು. ಕಳದ್ರ ಮುನ್ನೂರಿಪ್ಪತ್ತು." ಶೈಲಾ ಅಂಕಿಯ ಕೆಳಗೆ ಎರಡು ಗೆರೆ ಎಳೆದಳು. "ಬಾಕಿ ಅವರ ಮ್ಯಾಲ ಐತಿ, ಅವ್ವಾ. ನಿನ್ನ ಮ್ಯಾಲ ಅಲ್ಲ."

ಮೂರನೆಯ ತರಗತಿಗೆ ಶಾಲೆ ಬಿಟ್ಟಿದ್ದರೂ ಕಳೆಯುವ ಲೆಕ್ಕ ಹೊಳೆವ್ವನಿಗೆ ಬರುತ್ತಿತ್ತು. ಒಮ್ಮೆ ತಾನೇ ಕಳೆದು ನೋಡಿದಳು. ಸರಿಯಿತ್ತು.

ಒಂದು ಗಂಟೆಗೆ ವಾರ್ಡನ್ ಗಂಟೆ ಬಾರಿಸಿದರು. ಹತ್ತರಿಂದ ಒಂದರವರೆಗೆ ನೂರ ಎಂಬತ್ತು ನಿಮಿಷ, ಅಷ್ಟು ಬಾಕಿ ವಸೂಲಾಗಿತ್ತು. ಹೊಳೆವ್ವ ಮಗಳ ಕೈಯಿಂದ ಕಡ್ಡಿ ತೆಗೆದುಕೊಂಡು, ಮುನ್ನೂರಿಪ್ಪತ್ತರ ಕೆಳಗೆ ನಿಧಾನವಾಗಿ ನೂರ ಎಂಬತ್ತು ಬರೆದು, ಕಳೆದಳು. ಅಂಕಿ ಸೊಟ್ಟಗಿತ್ತು, ಉತ್ತರ ಸರಿಯಿತ್ತು. ಗಜವಿಹಾರದವರು ಅವಳಿಗೆ ಇನ್ನೂ ನೂರಾ ನಲವತ್ತು ನಿಮಿಷ ಕೊಡಬೇಕು.